ಆರು ದಿನದ ವಾರ

ರಟ್ಟು ಊಟದ ಮೇಜಿಗಿಂತ ದೊಡ್ಡದಾಗಿತ್ತು. ಅದನ್ನು ಬಿಡಿಸಿದಾಗ ಒಂದು ತುದಿ ಬೇಯಿಸಿದ ಬಾಳೆಕಾಯಿಯ ಬಟ್ಟಲನ್ನು ಮುಚ್ಚಿತು, ಇನ್ನೊಂದು ತುದಿ ಲಿನ್ವಲ್‌ನ ತಟ್ಟೆಯ ಮೇಲೆ ಬಂದು ಕೂತಿತು.

“ನೋವಿ, ನನ್ನ ಕೋಳಿ ಎಲ್ಲಿ ಹೋಯ್ತು?”

“ಅಕ್ಟೋಬರ್ ಕೆಳಗಿದೆ. ಸ್ವಲ್ಪ ತಾಳು,” ಎಂದಳು ನೋವ್ಲೆಟ್, ಗಂಡನ ಕಡೆ ನೋಡದೆ. ಅವಳ ಕಣ್ಣು ರಟ್ಟಿನ ಮೇಲೇ ಇತ್ತು. ಹದಿನೈದು ವರ್ಷದ ಮಗಳು ರೆನೇ ನಾಲ್ಕು ಬಣ್ಣದ ಪೆನ್ನು ಹಿಡಿದು ಎರಡು ದಿನ ಕೂತು ಗೆರೆ ಎಳೆದುಕೊಟ್ಟಿದ್ದ ರಟ್ಟು ಅದು. ಆಗಸ್ಟ್‌ನಿಂದ ಡಿಸೆಂಬರ್‌ವರೆಗಿನ ಒಂದೊಂದು ದಿನಕ್ಕೂ ಒಂದೊಂದು ಚೌಕ.

ನೋವ್ಲೆಟ್ ಜಮೈಕಾದ ಮ್ಯಾಂಡೆವಿಲ್ ಊರಿನ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ನಾಲ್ಕನೇ ತರಗತಿಯ ಟೀಚರು. ಕ್ಯಾಲಿಫೋರ್ನಿಯಾದ ಒಂದು ವಿಶ್ವವಿದ್ಯಾಲಯದಲ್ಲಿ ಆನ್‌ಲೈನಿನಲ್ಲೇ ಡಾಕ್ಟರೇಟ್ ಓದಲು ತೊಡಗಿ ಆರು ವರ್ಷವಾಗಿತ್ತು. ಎಂಟೆಂಟು ವಾರದ ಕೋರ್ಸುಗಳು. ಒಂದು ಮುಗಿದ ಮೇಲೆ ಇನ್ನೊಂದು, ನಡುವೆ ಉಸಿರಾಡಲು ಒಂದೆರಡು ತಿಂಗಳು. ಹಾಗೆ ನಡೆದುಕೊಂಡು ಬಂದವಳಿಗೆ ಈಗ ಒಮ್ಮೆಲೇ ಓಡುವ ಕಾಲ ಬಂದಿತ್ತು.

“ಇನ್ನು ಎರಡೇ ಕೋರ್ಸು ಉಳಿದಿರೋದು,” ಎಂದಳು. “ಎರಡನ್ನೂ ಒಟ್ಟಿಗೆ ತಗೋತೀನಿ. ಅಕ್ಟೋಬರ್‌ಗೆ ಮುಗೀತದೆ. ನವೆಂಬರ್‌ನಲ್ಲಿ ನನ್ನ ಪ್ರಬಂಧದ ಯೋಜನೇನ ಮೂರು ಪ್ರೊಫೆಸರ್‌ಗಳ ಮುಂದೆ ಇಡಬೇಕು. ಅವರು ಹೂಂ ಅಂದ್ರೆ, ಜನವರಿಯಿಂದ ಹದಿಮೂರು ವಾರ ನನ್ನ ಕ್ಲಾಸಿನ ಮಕ್ಕಳ ಜೊತೆ ಕೆಲಸ. ಆಮೇಲೆ ಬರೆಯೋದು.”

“ಒಂದಾದ ಮೇಲೆ ಒಂದು ತಗೊಂಡ್ರೆ ಏನು ಕೆಡುಕು?” ಎಂದ ಲಿನ್ವಲ್. ರಟ್ಟಿನ ಅಂಚನ್ನು ಎತ್ತಿ ಕೋಳಿಯ ತೊಡೆಯೊಂದನ್ನು ಹೊರಗೆಳೆದ.

“ಈ ಜನವರಿ ತಪ್ಪಿದ್ರೆ ಇನ್ನೊಂದು ಜನವರಿ ಇಲ್ಲ, ಲಿನ್ವಲ್. ಏಳು ವರ್ಷ ಅಷ್ಟೇ ಅವರು ಕೊಡೋದು. ಮುಂದಿನ ಡಿಸೆಂಬರ್‌ಗೆ ಬಾಗಿಲು ಹಾಕ್ತಾರೆ.”

ಮೇಜಿನ ತುದಿಯಲ್ಲಿ ಲಿನ್ವಲ್‌ನ ತಾಯಿ ಐಸಿಲ್ಡಾ ಕೂತಿದ್ದಳು. ಎಪ್ಪತ್ತೊಂಬತ್ತರ ಹೆಂಗಸು, ಊರಿಗೆಲ್ಲ ಮಿಸ್ ಐಸಿ, ಸೊಸೆಗೂ ಮಿಸ್ ಐಸಿಯೇ. ಅವಳು ಮೂಗಿನ ಮೇಲೆ ಕನ್ನಡಕ ಏರಿಸಿ ರಟ್ಟಿನ ಮೇಲೆ ಬೆರಳಿಟ್ಟು ಚೌಕಗಳನ್ನು ಎಣಿಸಿದಳು. ಭಾನುವಾರ, ಸೋಮವಾರ, ಮಂಗಳವಾರ. ಬೆರಳು ಒಂದು ನೇರಳೆ ಚೌಕದ ಮೇಲೆ ನಿಂತಿತು.

“ಇದೇನು ಬಣ್ಣ, ರೆನೇ?”

ರೆನೇ ತಾಯಿಯ ಮುಖ ನೋಡಿದಳು. “ಅದು... ಹೆಚ್ಚುವರಿ ಓದು, ಅಜ್ಜಿ.”

“ಶನಿವಾರ.”

“ಬರೀ ಓದೋದು ಅಷ್ಟೇ, ಮಿಸ್ ಐಸಿ,” ಎಂದಳು ನೋವ್ಲೆಟ್. “ಬರೆಯೋದಿಲ್ಲ. ಓದೋದು ಕೆಲಸ ಅಲ್ಲ ಅಂತ...” ಮಾತು ಬಾಯಲ್ಲೇ ಸಣ್ಣದಾಯಿತು.

ಶುಕ್ರವಾರ ಸೂರ್ಯ ಮುಳುಗಿದ ಗಳಿಗೆಯಿಂದ ಶನಿವಾರ ಸೂರ್ಯ ಮುಳುಗುವವರೆಗೆ ಆ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ, ಪೊರಕೆ ಅಲುಗುತ್ತಿರಲಿಲ್ಲ, ಲಿನ್ವಲ್‌ನ ಟ್ಯಾಕ್ಸಿ ಬಾಡಿಗೆಗೆ ಹೋಗುತ್ತಿರಲಿಲ್ಲ. ಸಬ್ಬತ್ ದಿನ ದೇವರದು. ಅಡುಗೆಮನೆಯ ಗೋಡೆಯ ಮೇಲೆ ತೂಗುತ್ತಿದ್ದ ಅವರ ಚರ್ಚಿನ ಸಭೆಯ ಕ್ಯಾಲೆಂಡರಿನಲ್ಲಿ ಪ್ರತಿ ಶುಕ್ರವಾರದ ಕೆಳಗೂ ಸೂರ್ಯ ಮುಳುಗುವ ಹೊತ್ತು ನಿಮಿಷದ ಸಮೇತ ಅಚ್ಚಾಗಿತ್ತು.

ಐಸಿಲ್ಡಾ ಗದರಲಿಲ್ಲ. “ನೀನು ಇಪ್ಪತ್ತು ವರ್ಷದಿಂದ ಸಭೇಲಿ ಮಕ್ಕಳಿಗೆ ಬೈಬಲ್ ವಾಕ್ಯ ಕಲಿಸ್ತೀಯ. ನಾನು ನಿನಗೆ ಹೇಳಬೇಕಾ?” ಎಂದಳಷ್ಟೆ.

ನೋವ್ಲೆಟ್ ರಟ್ಟು ಸುತ್ತಿಟ್ಟಳು. ಮಾರನೆಯ ದಿನ ರೆನೇ ಹದಿನೇಳು ನೇರಳೆ ಚೌಕಗಳ ಮೇಲೆ ಬಿಳಿ ಕಾಗದ ಅಂಟಿಸಿದಳು. ವಾರಕ್ಕೊಂದು ದಿನ ಹೋಯಿತು. ಎಂಟು ವಾರದಲ್ಲಿ ಎಂಟು ದಿನ. “ಆಗೋದಿಲ್ಲ ಇದು,” ಎಂದಳು ನೋವ್ಲೆಟ್, ಈರುಳ್ಳಿ ಹೆಚ್ಚುತ್ತ. ಶನಿವಾರದ ಊಟವನ್ನೂ ಶುಕ್ರವಾರವೇ ಮಾಡಿ ಮುಗಿಸಬೇಕಾದ್ದರಿಂದ ಒಲೆಯ ನಾಲ್ಕು ಬಾಯಿಯೂ ಉರಿಯುತ್ತಿತ್ತು.

ಐಸಿಲ್ಡಾ ತನ್ನ ಕೈಚೀಲದಿಂದ ಸಭೆಯ ಪಾಠದ ಪುಸ್ತಿಕೆ ತೆಗೆದು ಈರುಳ್ಳಿ ಹೆಚ್ಚುವ ಮಣೆಯ ಪಕ್ಕ ಇಟ್ಟಳು. ಹದಿಮೂರು ವಾರಕ್ಕೊಂದು ಪುಸ್ತಿಕೆ; ವಾರಕ್ಕೊಂದು ಪಾಠ; ದಿನಕ್ಕೊಂದು ಪುಟ.

“ಎಪ್ಪತ್ತು ವರ್ಷದಿಂದ ಓದ್ತಿದ್ದೀನಿ. ಒಂದು ದಿನಾನೂ ಎರಡು ಪುಟ ಓದಿಲ್ಲ. ಒಂದು ದಿನಾನೂ ಬಿಟ್ಟಿಲ್ಲ. ಐದು ದಿನ ಹೊಸದು. ಶುಕ್ರವಾರ ಹೊಸದೇನೂ ಇಲ್ಲ, ಓದಿದ್ದನ್ನ ಒಪ್ಪಿಸೋದು. ಏಳನೇ ದಿನ ಸುಮ್ಮನಿರೋದು. ನಿನ್ನ ಪುಸ್ತಕಾನೂ ಹಾಗೇ ಕೊಯ್ಯಿ, ಈ ಈರುಳ್ಳಿ ಕೊಯ್ದ ಹಾಗೆ.”

“ಒಪ್ಪಿಸೋದು ಯಾರಿಗೆ?”

“ನಾನೇನು ಸತ್ತಿದ್ದೀನಾ?”

*

ಹಾಗೆ ಶುರುವಾಯಿತು. ರೆನೇ ರಟ್ಟಿನ ಹಿಂಬದಿಗೆ ಹೊಸ ಗೆರೆ ಎಳೆದಳು: ಸಾಲಿಗೆ ಆರೇ ಚೌಕ. ಭಾನುವಾರದಿಂದ ಗುರುವಾರದವರೆಗೆ ದಿನಕ್ಕಿಷ್ಟು ಪುಟ, ಇಷ್ಟು ಬರಹ. ಬೆಳಿಗ್ಗೆ ಶಾಲೆಗೆ ಮೊದಲು ಒಂದೂವರೆ ಗಂಟೆ, ಶಾಲೆ ಬಿಟ್ಟ ಮೇಲೆ ಎರಡು ಗಂಟೆ. ಮನೆಕೆಲಸ ಹಂಚಿಕೆಯಾಯಿತು. ಬಟ್ಟೆ ರೆನೇಗೆ, ವಾರದ ಅಡುಗೆ ಲಿನ್ವಲ್‌ಗೆ, ಶುಕ್ರವಾರದ ಅಡುಗೆ ಅತ್ತೆ ಸೊಸೆಗೆ.

ಮೊದಲ ವಾರ ರೆನೇ ಕೆಂಪು ಟವೆಲ್ಲಿನ ಜೊತೆ ಅಪ್ಪನ ಬಿಳಿ ಶರ್ಟುಗಳನ್ನು ನೆನೆಹಾಕಿದಳು. ಲಿನ್ವಲ್ ಗುಲಾಬಿ ಶರ್ಟು ತೊಟ್ಟು ಟ್ಯಾಕ್ಸಿ ಓಡಿಸಿದ. ಎರಡನೇ ವಾರ ಅವನು ಕೆಂಪು ಬೀನ್ಸ್ ಹಾಕಿ ಅನ್ನ ಮಾಡಿದ. ತೆಂಗಿನ ಹಾಲು ತಳ ಹಿಡಿದು ಬೀನ್ಸ್ ಮಾತ್ರ ಕಲ್ಲಿನ ಹಾಗೇ ಉಳಿದಿತ್ತು.

“ಅಪ್ಪ, ಇದನ್ನ ನೆನೆಹಾಕಿದ್ಯಾ?” ಎಂದಳು ರೆನೇ, ಒಂದನ್ನು ತಟ್ಟೆಗೆ ಉಗುಳಿ. ಅದು ಟಣ್ ಎಂದಿತು.

“ನೆನೆಹಾಕಬೇಕು ಅಂತ ಯಾರು ಹೇಳಿದ್ರು?”

“ಐವತ್ತು ವರ್ಷ ತಿಂದವನಿಗೆ ಯಾರು ಹೇಳಬೇಕೋ!” ಎಂದಳು ಐಸಿಲ್ಡಾ.

ಎಲ್ಲರೂ ನಕ್ಕರು. ಲಿನ್ವಲ್ ನಗಲಿಲ್ಲ. ಮಾರನೆಯ ವಾರದಿಂದ ಅವನು ದಾರಿಬದಿಯ ಅಂಗಡಿಯಲ್ಲೇ ಉಂಡು ಬರತೊಡಗಿದ. ಮನೆಯವರಿಗೆ ಬ್ರೆಡ್ಡು ಮತ್ತು ಡಬ್ಬಿಯ ಮೀನು ತಂದಿಡುತ್ತಿದ್ದ. ಎರಡು ವಾರ ಅದನ್ನೇ ತಿಂದ ಮೇಲೆ ನೋವ್ಲೆಟ್ ಚಮಚ ಕೆಳಗಿಟ್ಟಳು.

“ಒಂದು ಸೂಪು ಮಾಡೋಕೂ ಆಗಲ್ವಾ ನಿನಗೆ?”

“ನಾನು ಬೆಳಿಗ್ಗೆ ಐದಕ್ಕೆ ಏಳ್ತೀನಿ ನೋವಿ. ಕಾಲ್‌ಸೆಂಟರ್ ಹುಡುಗೀರನ್ನ ಬಿಡಬೇಕು, ಕ್ರಿಶ್ಚಿಯಾನಾ ಊರಿಗೆ ನಾಲ್ಕು ಸಲ ಹೋಗಿ ಬರಬೇಕು. ಮನೆಗೆ ಬಂದ್ರೆ ಹೆಂಡತಿ ಇಲ್ಲ, ಅವಳ ಬೆನ್ನಿದೆ. ಆರು ವರ್ಷದಿಂದ ನಾನು ನೋಡ್ತಿರೋದು ನಿನ್ನ ಬೆನ್ನೇ.”

“ಇನ್ನು ಎರಡು ತಿಂಗಳು!”

“ಆರು ವರ್ಷದಿಂದ ಎರಡೇ ತಿಂಗಳು.”

ನೋವ್ಲೆಟ್ ಎದ್ದು ಅಡುಗೆಮನೆಗೆ ಹೋದಳು. ಅದು ಐದನೆಯ ವಾರ. ಒಂದು ಕೋರ್ಸಿನಿಂದ ಹಿಂದೆ ಸರಿಯಲು ಅದೇ ಕೊನೆಯ ವಾರವಾಗಿತ್ತು, ಹಿಂದೆ ಸರಿಯುವ ಗುಂಡಿಯನ್ನು ಅವಳು ಅಂದು ಬೆಳಿಗ್ಗೆಯೇ ಪರದೆಯ ಮೇಲೆ ನೋಡಿ ಇಟ್ಟುಕೊಂಡಿದ್ದಳು. ಹಿಂದೆಯೇ ಬಂದ ಐಸಿಲ್ಡಾ ಸೊಸೆಯ ಒದ್ದೆ ಕೆನ್ನೆ ನೋಡಿ, ಸೌಟು ಎತ್ತಿ ತೊಳೆಯತೊಡಗಿದಳು.

“ಇವತ್ತಿನ ಪಾಲು ಮುಗೀತಾ?”

“ಮುಗೀತು.”

“ನಿನ್ನೇದು?”

“ಮುಗೀತು.”

“ಹಾಗಾದ್ರೆ ಅಳೋದು ಯಾಕೆ? ನಾಳೇದು ನಾಳೆ,” ಎಂದು ಹೇಳಿ ಐಸಿಲ್ಡಾ ಒಳಗಿನಿಂದಲೇ ಮಗನನ್ನು ಕೂಗಿದಳು. “ಲಿನ್ವಲ್! ಬಾ ಇಲ್ಲಿ. ಬೀನ್ಸ್ ನೆನೆಹಾಕೋದು ಹೇಗೆ ಅಂತ ತೋರಿಸ್ತೀನಿ. ಎಂಬತ್ತು ತುಂಬೋದರೊಳಗೆ ಮಗನಿಗೆ ಒಂದು ವಿದ್ಯೆ ಕಲಿಸಿ ಹೋಗ್ತೀನಿ.”

*

ಶುಕ್ರವಾರದ ಒಪ್ಪಿಸುವಿಕೆ ನಡೆಯುತ್ತಿದ್ದದ್ದು ಒಲೆಯ ಮುಂದೆ. ನೋವ್ಲೆಟ್ ಕೋಳಿಗೆ ಥೈಮ್ ಸೊಪ್ಪು, ಬಾನೆಟ್ ಮೆಣಸಿನಕಾಯಿ ಹಚ್ಚುತ್ತ ವಾರದ ಓದನ್ನು ಬಾಯಲ್ಲಿ ಹೇಳುವಳು. ಐಸಿಲ್ಡಾ ಕ್ಯಾರೆಟ್ ತುರಿಯುತ್ತ ಕೇಳುವಳು. ಸಿದ್ಧಾಂತಗಳ ಹೆಸರು ಅವಳಿಗೆ ಬೇಕಿರಲಿಲ್ಲ. ಹುಟ್ಟಿದಾಗಿನಿಂದ ವಾಕ್ಯ ಕೇಳಿ ಬೆಳೆದ ಕಿವಿ ಅದು. ಎಲ್ಲಿ ಮಾತು ಕುಂಟಿತೋ ಅಲ್ಲಿ ತುರಿಯುವ ಕೈ ನಿಲ್ಲುತ್ತಿತ್ತು.

“ಅಲ್ಲಿ ನೀನು ಹಾರಿದೆ. ಮತ್ತೆ ಹೇಳು.”

“ಮಿಸ್ ಐಸಿ, ನಿಮಗೆ ಅರ್ಥ ಆಯ್ತಾ?”

“ಇಲ್ಲ. ನಿನಗೂ ಆಗಿಲ್ಲ. ಮತ್ತೆ ಹೇಳು.”

ನೋವ್ಲೆಟ್‌ಳ ಸಂಶೋಧನೆಯ ವಿಷಯ ಅವಳ ಕ್ಲಾಸಿನಿಂದಲೇ ಬಂದದ್ದು. ಪ್ರತಿ ವರ್ಷವೂ ನಾಲ್ಕೈದು ಮಕ್ಕಳು ಹಾಗಿರುತ್ತಿದ್ದರು: ಸಭೆಯಲ್ಲಿ ಉದ್ದುದ್ದ ವಾಕ್ಯಗಳನ್ನು ಗುಡುಗಿನ ಹಾಗೆ ಬಾಯಿಪಾಠ ಒಪ್ಪಿಸುವವರು, ಅದನ್ನೇ ಹಾಳೆಯ ಮೇಲೆ ತೋರಿಸಿದರೆ ಒಂದಕ್ಷರ ಓದಲಾರದವರು. ಬಾಯಿಗೆ ಬಂದಿರುವ ಸಾಲನ್ನೇ ಹಿಡಿದು ಅವರಿಗೆ ಓದು ಕಲಿಸಬಹುದೇ ಎಂಬುದು ಅವಳ ಪ್ರಶ್ನೆ. ಆ ಪ್ರಶ್ನೆಯನ್ನು ಅವಳು ಒಪ್ಪಿಸಿ ಮುಗಿಸಿದಾಗ ಐಸಿಲ್ಡಾ ತುರಿಯುವುದನ್ನು ಬಿಟ್ಟು ಕೈ ಒರೆಸಿಕೊಂಡಳು.

“ಯಾಕೆ ಓದಲ್ಲ ಅಂತ ಹೇಳಿದೆ. ಯಾವಾಗ ಓದ್ತಾರೆ ಅಂತ ಹೇಳಲಿಲ್ಲ.”

“ಅದೇ ಗೊತ್ತಿಲ್ಲ.”

“ನನಗೆ ಗೊತ್ತು. ನಾನು ಒಂಬತ್ತಕ್ಕೇ ಶಾಲೆ ಬಿಟ್ಟವಳು. ವಾಕ್ಯ ಎಲ್ಲ ಬಾಯಲ್ಲಿತ್ತು, ಅಕ್ಷರ ಒಂದೂ ಇಲ್ಲ. ನಮ್ಮಮ್ಮ ಪುಟದ ಮೇಲೆ ನನ್ನ ಬೆರಳಿಟ್ಟು ಹೇಳು ಅನ್ನೋಳು. ನಾಲಿಗೆ ಮುಂದೆ ಓಡ್ತಿತ್ತು, ಬೆರಳು ಹಿಂದೆ ಬೀಳ್ತಿತ್ತು. ಆಗ ಬೆರಳನ್ನ ಗಟ್ಟಿಯಾಗಿ ಹಿಡಿದು ನಿಲ್ಲಿಸೋಳು. ಬೆರಳು ಕದಲೋವರೆಗೆ ನಾಲಿಗೆ ಕದಲಬಾರದು. ಒಂದು ಮಾತು, ಒಂದು ಬೆರಳು. ಎರಡು ತಿಂಗಳು ನಾನು ಅವಳನ್ನ ಶಪಿಸಿದೆ. ಮೂರನೇ ತಿಂಗಳು ಅಂಗಡಿಯ ಬೋರ್ಡು ಓದಿದೆ.”

ನೋವ್ಲೆಟ್ ಮೆಣಸಿನಕಾಯಿಯ ಕೈಯಲ್ಲೇ ಪೆನ್ನಿಗೆ ತಡಕಾಡಿದಳು. ಪೆನ್ನು ಸಿಕ್ಕಿತು, ಕಾಗದದ ಬದಲು ಹಿಟ್ಟಿನ ಪೊಟ್ಟಣ. ಅದರ ಮೇಲೇ ಬರೆದಳು. ಬರೆಯುತ್ತ ಕಣ್ಣೊರೆಸಿಕೊಂಡಳು, ಕಣ್ಣು ಉರಿದು ಕಿರುಚಿದಳು. “ಅಯ್ಯೋ, ನೀರು! ರೆನೇ, ನೀರು! ಮಿಸ್ ಐಸಿ, ಮುಂದೆ ಹೇಳಿ, ನಿಲ್ಲಿಸಬೇಡಿ! ಒಂದು ಸಾಲಿಗೆ ಎಷ್ಟು ದಿನ ಹಿಡೀತು?”

ರೆನೇ ಒಂದು ಕೈಯಲ್ಲಿ ಅಮ್ಮನ ಮುಖಕ್ಕೆ ನೀರೆರಚಿದಳು, ಇನ್ನೊಂದು ಕೈಯಲ್ಲಿ ಅಜ್ಜಿ ಹೇಳಿದ್ದನ್ನು ಬರೆದುಕೊಂಡಳು.

ಅಕ್ಟೋಬರ್ ಹತ್ತೊಂಬತ್ತಕ್ಕೆ ಎರಡೂ ಕೋರ್ಸು ಮುಗಿದವು. ಮರುದಿನವೇ ಮಾರ್ಗದರ್ಶಕಿ ಡಾಕ್ಟರ್ ಹಾಲ್ವರ್ಸನ್‌ರ ಪತ್ರ ಬಂತು: ಯೋಜನೆ ಓದಿದೆ, ಬೆರಳಿನ ಭಾಗ ತುಂಬ ಹಿಡಿಸಿತು, ನವೆಂಬರ್ ಇಪ್ಪತ್ತೊಂದು ಶುಕ್ರವಾರ, ನಮ್ಮ ಮಧ್ಯಾಹ್ನ ಎರಡೂವರೆಗೆ ಮೂವರೂ ಸೇರುತ್ತೇವೆ, ಒಂದು ಗಂಟೆ ಸಾಕು. ಕ್ಯಾಲಿಫೋರ್ನಿಯಾಕ್ಕೂ ಮ್ಯಾಂಡೆವಿಲ್‌ಗೂ ಎರಡು ಗಂಟೆ ಅಂತರ. ನಾಲ್ಕೂವರೆಗೆ ಶುರು, ಐದೂವರೆಗೆ ಮುಕ್ತಾಯ. ಅಂದು ಸೂರ್ಯ ಮುಳುಗುವುದು ಐದು ಗಂಟೆ ಮೂವತ್ತೆರಡು ನಿಮಿಷಕ್ಕೆ. ನೋವ್ಲೆಟ್ ಕ್ಯಾಲೆಂಡರನ್ನು ಎರಡು ಸಲ ನೋಡಿ, ಆಗಲಿ ಎಂದು ಬರೆದು, ಮಗಳ ಎರಡೂ ಕೈ ಹಿಡಿದು ಅಡುಗೆಮನೆಯಲ್ಲಿ ಗಿರ್ರನೆ ತಿರುಗಿದಳು. ಲಿನ್ವಲ್ ಆ ದಿನ ತಾನೇ ನೆನೆಹಾಕಿದ ಬೀನ್ಸಿನ ಅನ್ನ ಬಡಿಸಿದ. ಬೆಂದಿತ್ತು.

*

ನವೆಂಬರ್ ಮೂರು, ಸೋಮವಾರ. ಊಟದ ಹೊತ್ತಿಗೆ ಲಿನ್ವಲ್ ನಗುತ್ತ ಬಂದ.

“ಇವತ್ತೊಂದು ತಮಾಷೆ ಆಯ್ತು. ಆರಕ್ಕೆ ಹೋಗಿ ಹಾರ್ನ್ ಹೊಡೀತಾ ನಿಂತೆ. ಕಾಲ್‌ಸೆಂಟರ್ ಹುಡುಗೀರು ಒಬ್ಬರೂ ಇಲ್ಲ. ಒಬ್ಬಳು ಕಿಟಕಿಯಿಂದ ಬಗ್ಗಿ ಬೈದಳು: ‘ಲಿನ್ವಲಣ್ಣ, ನಿದ್ದೆ ಮಾಡೋಕೆ ಬಿಡ್ತೀಯಾ? ನಿನ್ನೆ ಅಮೆರಿಕದಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸಿದ್ದಾರೆ, ಇನ್ಮೇಲೆ ನಮ್ಮ ಪಾಳಿ ಒಂದು ಗಂಟೆ ತಡ!’ ನಾನು ಜೂನ್‌ನಿಂದ ಈ ಬಾಡಿಗೆ ಹಿಡಿದವನು, ನನಗೇನು ಗೊತ್ತು? ಆ ಜನ ಗಡಿಯಾರಾನೂ ಸುಮ್ಮನಿರೋಕೆ ಬಿಡಲ್ಲ!”

ರೆನೇ ನಕ್ಕಳು. ನೋವ್ಲೆಟ್‌ಳ ಫೋರ್ಕು ಬಾಯಿಯ ಹತ್ತಿರ ನಿಂತುಬಿಟ್ಟಿತ್ತು.

“ಏನಂದೆ?”

“ಗಡಿಯಾರ ತಿರುಗಿಸಿದ್ರು ಅಂತ.”

“ಕ್ಯಾಲಿಫೋರ್ನಿಯಾದಲ್ಲೂ?”

ರೆನೇ ಫೋನಿನಲ್ಲಿ ನೋಡಿದಳು. ಅವಳ ನಗು ಆರಿತು. “ಅಮ್ಮ... ಈಗ ಮೂರು ಗಂಟೆ ಅಂತರ.”

ಜಮೈಕಾದ ಗಡಿಯಾರ ವರ್ಷವಿಡೀ ಇದ್ದಲ್ಲೇ ಇರುವುದು. ಅದು ಕದಲದಿದ್ದರೆ ಉಳಿದವರದೂ ಕದಲುವುದಿಲ್ಲವೆಂದು ನೋವ್ಲೆಟ್ ನಂಬಿ ಕೂತಿದ್ದಳು. ಅವರ ಎರಡೂವರೆ ಎಂದರೆ ಇಲ್ಲಿ ಐದೂವರೆ. ಶುರುವಾದ ಎರಡು ನಿಮಿಷಕ್ಕೆ ಸಬ್ಬತ್.

ಎಲ್ಲರೂ ಒಟ್ಟಿಗೆ ಮಾತಾಡಿದರು.

“ಬೇರೆ ದಿನ ಕೇಳು,” ಎಂದ ಲಿನ್ವಲ್.

“ಮೂರು ಜನ ಸೇರೋ ದಿನ ಇದೊಂದೇ ಅಂತ ಆಗಲೇ ಬರೆದಿದ್ದಾರೆ. ಇದು ಬಿಟ್ರೆ ಜನವರಿ ಕೊನೆ. ಅಷ್ಟರಲ್ಲಿ ಟರ್ಮ್ ಶುರುವಾಗಿರತ್ತೆ.”

“ಹಾಗಾದ್ರೆ ಮಾಡಿಬಿಡು. ಒಂದು ಗಂಟೆ ನೋವಿ! ದೇವರೇನು ವಾಚು ಕಟ್ಕೊಂಡು ಕೂತಿರ್ತಾನಾ?”

“ಡಾಕ್ಟರುಗಳು ಸಬ್ಬತ್ ದಿನಾನೂ ಆಪರೇಷನ್ ಮಾಡ್ತಾರೆ,” ಎಂದಳು ರೆನೇ. “ಅಮ್ಮಾನೂ ಡಾಕ್ಟರೇ ಆಗ್ತಿರೋದು.”

“ನಾನು ಯಾರ ಹೊಟ್ಟೇನೂ ಕೊಯ್ಯಲ್ಲ ರೆನೇ.”

“ಇವಳ ಬೆನ್ನು ನೋಡ್ಕೊಂಡು ಆರು ವರ್ಷ ಕಳೆದವನು ನಾನು,” ಲಿನ್ವಲ್‌ನ ದನಿ ಏರಿತು. “ಈಗ ಎರಡು ನಿಮಿಷಕ್ಕೋಸ್ಕರ ಎಲ್ಲಾ ಬಿಡ್ತಾಳಂತೆ! ಅಮ್ಮ, ನೀನಾದ್ರೂ ಹೇಳು. ಮಾಡು ಅನ್ನು, ಬೇಡ ಅನ್ನು, ಏನಾದ್ರೂ ಅನ್ನು!”

ಐಸಿಲ್ಡಾ ತನ್ನ ತಟ್ಟೆಯನ್ನು ಮುಂದಕ್ಕೆ ಸರಿಸಿದಳು. “ಪರೀಕ್ಷೆ ನಂದಲ್ಲ. ಸಬ್ಬತ್ತೂ ಅವಳದೇ. ಅವಳೇ ಹೇಳಲಿ.”

ನೋವ್ಲೆಟ್ ಗೋಡೆಯ ರಟ್ಟನ್ನು ನೋಡಿದಳು. ಸಾಲಿಗೆ ಆರೇ ಚೌಕ. “ಸಭೇಲಿ ಮಕ್ಕಳಿಗೆ ಒಂದು ಹೇಳಿ ನಾನೊಂದು ಮಾಡಲಾರೆ,” ಎಂದಳು. “ಸೂರ್ಯ ಮುಳುಗಿದ ಮೇಲೆ ಇಲ್ಲ. ಇದ್ದದ್ದು ಇದ್ದ ಹಾಗೆ ಬರೀತೀನಿ. ತಪ್ಪು ನಂದು, ನನ್ನ ದಿನ ಹೀಗೆ ಅಂತ.”

ಲಿನ್ವಲ್ ಕುರ್ಚಿ ಹಿಂದಕ್ಕೆ ತಳ್ಳಿ ಹೊರಗೆ ಹೋದ. ಟ್ಯಾಕ್ಸಿಯ ಬಾಗಿಲು ಬಡಿದ ಸದ್ದಾಯಿತು. ಇಂಜಿನ್ ಮಾತ್ರ ಶುರುವಾಗಲಿಲ್ಲ. ಅವಳು ಬರೆದು ಕಳಿಸುವವರೆಗೂ ಅವನು ಅದರಲ್ಲೇ ಕೂತಿದ್ದ.

ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಬಂತು. ಮೂರನೆಯ ಪ್ರೊಫೆಸರ್ ಡಾಕ್ಟರ್ ಪೆಟ್ರೋಸಿಯನ್‌ಗೆ ಎರಡು ಗಂಟೆಯವರೆಗೆ ತರಗತಿ. ಎರಡಕ್ಕೆ ಸರಿಯಾಗಿ ಸೇರಬಹುದು. ಆದರೆ ಆಗ ಸಿಗುವುದು ಮೂವತ್ತು ನಿಮಿಷ ಮಾತ್ರ. ನೀವು ಹತ್ತು ನಿಮಿಷದಲ್ಲಿ ನಿಮ್ಮ ಇಡೀ ಯೋಜನೆ ಹೇಳಬಲ್ಲಿರಾದರೆ, ನಾವು ಇಪ್ಪತ್ತು ನಿಮಿಷದಲ್ಲಿ ಪ್ರಶ್ನೆ ಕೇಳಬಲ್ಲೆವು.

“ನಲವತ್ತು ಸ್ಲೈಡ್ ಇದೆ ಅಮ್ಮ!” ಎಂದಳು ರೆನೇ. “ತೆರೆಯೋಕೇ ಐದು ನಿಮಿಷ ಬೇಕು.”

“ಸ್ಲೈಡ್ ಬೇಡ,” ಎಂದಳು ನೋವ್ಲೆಟ್. ಅವಳ ಮುಖ ಕೆಂಪೇರಿತ್ತು. “ಮಿಸ್ ಐಸಿ, ಬಾಯಿಪಾಠ.”

ಐಸಿಲ್ಡಾ ಎದ್ದು ಕೈಚೀಲ ತರಲು ಹೋದಳು. ಎಪ್ಪತ್ತೊಂಬತ್ತರ ಹೆಂಗಸು ಅಷ್ಟು ಬೇಗ ಎದ್ದದ್ದನ್ನು ರೆನೇ ಅದುವರೆಗೆ ನೋಡಿರಲಿಲ್ಲ.

*

ಎರಡು ವಾರ ಆ ಮನೆಯಲ್ಲಿ ಬೇರೆ ಮಾತಿರಲಿಲ್ಲ. ಬೆಳಿಗ್ಗೆ ಗಂಜಿ ತಿರುವುತ್ತ ಹತ್ತು ನಿಮಿಷ, ಸಂಜೆ ಬಟ್ಟೆ ಮಡಿಸುತ್ತ ಹತ್ತು ನಿಮಿಷ. ಮೊದಲ ದಿನ ಹದಿನೇಳು ನಿಮಿಷವಾಯಿತು. ಐಸಿಲ್ಡಾ ಎಲ್ಲಿ ಕತ್ತರಿಸಬೇಕೆಂದು ಹೇಳಲಿಲ್ಲ. ಎಲ್ಲಿ ಆಕಳಿಕೆ ಬಂತೆಂದು ಹೇಳಿದಳು. ಹದಿನಾಲ್ಕಾಯಿತು. ಹನ್ನೊಂದಾಯಿತು. ಲಿನ್ವಲ್ ಅವಳನ್ನು ಶಾಲೆಗೆ ಬಿಡುವಾಗ ಟ್ಯಾಕ್ಸಿಯಲ್ಲೇ ಒಪ್ಪಿಸಿದಳು, ಹಿಂದಿನ ಸೀಟಿನ ಯಾಮ್ ಗೆಡ್ಡೆ ಮಾರುವ ಹೆಂಗಸು ಇಳಿಯುವಾಗ, “ಟೀಚರ್, ನನ್ನ ಮೊಮ್ಮಗನೂ ಹಾಗೇ. ಅವನನ್ನೂ ಸೇರಿಸಿಕೊಳ್ಳಿ,” ಎಂದಳು.

“ನೋಡಿದ್ಯಾ? ಅವಳಿಗೂ ಅರ್ಥ ಆಯ್ತು,” ಎಂದ ಲಿನ್ವಲ್. ಅಂದಿನಿಂದ ಅವನು ಪ್ರಯಾಣಿಕರಿಗೆಲ್ಲ ಬೆರಳಿನ ಕಥೆ ಹೇಳತೊಡಗಿದ.

ಇಪ್ಪತ್ತೊಂದರ ಶುಕ್ರವಾರ ನೋವ್ಲೆಟ್ ರಜೆ ಹಾಕಿದಳು. ಮೂರು ಗಂಟೆಗೆ ಅಡುಗೆಯೆಲ್ಲ ಮುಗಿದಿತ್ತು, ಬೂಟುಗಳು ಪಾಲಿಶಾಗಿದ್ದವು, ಶನಿವಾರದ ಬಟ್ಟೆಗಳು ಇಸ್ತ್ರಿಯಾಗಿ ತೂಗುತ್ತಿದ್ದವು. ನಾಲ್ಕೂ ಮುಕ್ಕಾಲಿಗೆ ಅವಳು ಲ್ಯಾಪ್‌ಟಾಪ್ ತೆರೆದು ಕೂತಳು. ಅಷ್ಟರಲ್ಲಿ ಮೂಲೆಯ ಬಾರಿನಿಂದ ಢಂ ಎಂದು ಬಂದ ಸದ್ದಿಗೆ ಕಿಟಕಿಯ ಗಾಜು ನಡುಗಿತು. ವಾರಾಂತ್ಯದ ಕುಣಿತಕ್ಕೆ ಆಳೆತ್ತರದ ಸ್ಪೀಕರುಗಳನ್ನು ಜೋಡಿಸಿ ಪರೀಕ್ಷಿಸುತ್ತಿದ್ದರು.

“ಅಯ್ಯೋ ದೇವರೇ,” ಎಂದಳು ರೆನೇ.

ಲಿನ್ವಲ್ ಆಗಲೇ ಗೇಟಿನಾಚೆ ಓಡುತ್ತಿದ್ದ. ಅವನು ಬಾರಿನವನಿಗೆ ಏನು ಹೇಳಿದನೋ, ಎಷ್ಟು ಕಾಲು ಹಿಡಿದನೋ ಗೊತ್ತಿಲ್ಲ. ಐದಕ್ಕೆ ಎರಡು ನಿಮಿಷವಿರುವಾಗ ಸದ್ದು ನಿಂತಿತು. ಲಿನ್ವಲ್ ಮಾತ್ರ ಬರಲಿಲ್ಲ. ಆ ಅರ್ಧ ಗಂಟೆ ಅವನು ಮುಖ್ಯ ಸ್ಪೀಕರಿನ ವೈರನ್ನು ಕೈಯಲ್ಲಿ ಹಿಡಿದುಕೊಂಡೇ ಅದರ ಮೇಲೆ ಕೂತಿದ್ದನೆಂದು ಆಮೇಲೆ ತಿಳಿಯಿತು.

ಐಸಿಲ್ಡಾ ವರಾಂಡದಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಕೂತಳು. ಬೆಟ್ಟದ ಮೇಲೆ ಸೂರ್ಯ ಇನ್ನೂ ಎರಡು ಗೇಣಿದ್ದ. ರೆನೇ ಬಾಗಿಲಲ್ಲಿ ನಿಂತಳು.

ಐದು ಗಂಟೆಗೆ ಮೂರು ಮುಖಗಳು ಮೂಡಿದವು. ನೋವ್ಲೆಟ್ ಎರಡು ಕೈಗಳನ್ನೂ ಮಡಿಲಲ್ಲಿಟ್ಟುಕೊಂಡು ಶುರು ಮಾಡಿದಳು. ಕಾಗದವಿಲ್ಲ, ಚಿತ್ರವಿಲ್ಲ. ಬಾಯಲ್ಲಿ ಗುಡುಗಿ ಹಾಳೆಯ ಮುಂದೆ ಮೂಕರಾಗುವ ಮಕ್ಕಳು, ನಾಲಿಗೆಯನ್ನು ತಡೆದು ನಿಲ್ಲಿಸುವ ಬೆರಳು, ಹದಿಮೂರು ವಾರ, ಏನು ಅಳೆಯುವುದು, ಹೇಗೆ ಅಳೆಯುವುದು, ತಪ್ಪಿದರೆ ಹೇಗೆ ತಿಳಿಯುವುದು. ವರಾಂಡದಲ್ಲಿ ಐಸಿಲ್ಡಾಳ ತುಟಿ ಅವಳ ಜೊತೆಯೇ ಅಲುಗುತ್ತಿತ್ತು. ಒಂಬತ್ತು ನಿಮಿಷ ನಲವತ್ತು ಸೆಕೆಂಡಿಗೆ ಮುಗಿಯಿತು.

ಪ್ರಶ್ನೆಗಳು ಬಂದವು. ಒಂದಾದ ಮೇಲೊಂದು, ಬಿಡುವಿಲ್ಲದೆ. ನೋವ್ಲೆಟ್‌ಳ ಕೆನ್ನೆ ಉರಿಯುತ್ತಿತ್ತು. ಹೆದರಿಕೆ ಯಾವಾಗಲೋ ಬಿಟ್ಟುಹೋಗಿತ್ತು. ಉತ್ತರ ಹೇಳುವುದು ಇಷ್ಟು ಹಿಗ್ಗಿನ ಕೆಲಸವೆಂದು ಅವಳಿಗೆ ಆರು ವರ್ಷದಲ್ಲಿ ಗೊತ್ತೇ ಆಗಿರಲಿಲ್ಲ. ಐದು ಇಪ್ಪತ್ಮೂರಕ್ಕೆ ಡಾಕ್ಟರ್ ಪೆಟ್ರೋಸಿಯನ್ ಕನ್ನಡಕ ತೆಗೆದರು.

“ಒಂದು ಕೊನೆಯ ಪ್ರಶ್ನೆ. ನಿಮ್ಮ ಕಾಲಪಟ್ಟಿಯಲ್ಲಿ ಹದಿಮೂರು ವಾರ ಇದೆ. ಪ್ರತಿ ವಾರಕ್ಕೂ ಆರೇ ದಿನ. ಎಣಿಕೆ ತಪ್ಪಿದೆಯಾ?”

“ತಪ್ಪಿಲ್ಲ,” ಎಂದಳು ನೋವ್ಲೆಟ್. “ಏಳನೇ ದಿನ ನಾನು ಕೆಲಸ ಮಾಡೋದಿಲ್ಲ. ಅದನ್ನ ಬಿಟ್ಟೇ ಲೆಕ್ಕ ಹಾಕಿದ್ದೀನಿ. ಮಾಡದೇ ಇರೋ ದಿನಾನ ಪಟ್ಟಿಗೆ ಸೇರಿಸಿದ್ರೆ ಪಟ್ಟಿ ಸುಳ್ಳಾಗತ್ತೆ.”

ಅವರು ಏನೋ ಬರೆದುಕೊಂಡರು. ಹಾಲ್ವರ್ಸನ್ ಹೇಳಿದರು, “ನಾವು ಮೂವರೂ ಸ್ವಲ್ಪ ಮಾತಾಡ್ಕೋತೀವಿ. ಐದು ಹತ್ತು ನಿಮಿಷ. ನೀವು ಹಾಗೇ ಕಾಯ್ತಿರಿ.”

ಪರದೆ ಬರಿದಾಯಿತು. ಐದು ಇಪ್ಪತ್ತೈದು. ರೆನೇ ಬಂದು ಅಮ್ಮನ ಭುಜ ಹಿಡಿದಳು. ಐದು ಇಪ್ಪತ್ತೆಂಟು. ಹೊರಗೆ ಸೂರ್ಯನ ಅಂಚು ಬೆಟ್ಟಕ್ಕೆ ತಾಗಿತು. ಐದು ಮೂವತ್ತು. ಪರದೆ ಬರಿದಾಗಿಯೇ ಇತ್ತು.

“ಇನ್ನು ಎರಡು ನಿಮಿಷ, ಅಮ್ಮ. ಈಗ ಬರ್ತಾರೆ.”

ಬರಲಿಲ್ಲ. ಐಸಿಲ್ಡಾ ವರಾಂಡದಿಂದ ಎದ್ದು ಒಳಗೆ ಬಂದು ಮೇಜಿನ ಬಳಿ ನಿಂತಳು. ನೋವ್ಲೆಟ್ ಬೇಗಬೇಗ ನಾಲ್ಕು ಮಾತು ಟೈಪ್ ಮಾಡಿದಳು: ನನ್ನ ದಿನ ಮುಗಿಯಿತು, ನಿಮ್ಮ ತೀರ್ಮಾನವನ್ನು ಪತ್ರದಲ್ಲಿ ತಿಳಿಸಿ, ವಂದನೆ. ಲ್ಯಾಪ್‌ಟಾಪ್ ಮುಚ್ಚಿದಳು. ಮುಚ್ಚಿದ ಸದ್ದಿಗೆ ಉತ್ತರವೆಂಬಂತೆ ಮೂಲೆಯ ಬಾರಿನಿಂದ ಢಂ ಎಂದಿತು.

ಲಿನ್ವಲ್ ಬೆವರುತ್ತ ಓಡಿ ಬಂದ. “ಏನಂದ್ರು?”

“ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರೆ?”

“ನಾಳೆ ಸಂಜೆ ನೋಡೋದು.”

ಲಿನ್ವಲ್ ಹೆಂಡತಿಯನ್ನೂ ಮುಚ್ಚಿದ ಲ್ಯಾಪ್‌ಟಾಪನ್ನೂ ನೋಡಿದ. ಆಮೇಲೆ ತಾನೇ ಅದನ್ನು ಎತ್ತಿಕೊಂಡು ಹೋಗಿ ಬೀರುವಿನಲ್ಲಿ ತನ್ನ ಗುಲಾಬಿ ಶರ್ಟುಗಳ ಕೆಳಗೆ ಇಟ್ಟ. “ನನಗೇ ನಂಬಿಕೆ ಇಲ್ಲ ನನ್ನ ಮೇಲೆ,” ಎಂದ.

*

ಅಷ್ಟು ಉದ್ದದ ಸಬ್ಬತ್ ಆ ಮನೆ ಕಂಡಿರಲಿಲ್ಲ. ಸಭೆಯಲ್ಲಿ ಮಕ್ಕಳು ವಾಕ್ಯ ಒಪ್ಪಿಸಿದರು. ನೋವ್ಲೆಟ್ ಒಬ್ಬೊಬ್ಬರ ಬೆರಳನ್ನೂ ನೋಡುತ್ತ ಕೂತಳು. ನಿನ್ನೆ ಮಾಡಿಟ್ಟಿದ್ದ ಕೋಳಿ, ಅನ್ನ, ಕ್ಯಾರೆಟ್ ರಸ. ಎಲ್ಲವೂ ರುಚಿಯಾಗಿತ್ತು, ಯಾರೂ ಗಮನಿಸಲಿಲ್ಲ. ರೆನೇ ಮೂರು ಗಂಟೆಯಿಂದಲೇ ಸೂರ್ಯನನ್ನು ಕಾಯತೊಡಗಿದಳು.

ಐದಕ್ಕೆ ಎಲ್ಲರೂ ಸಬ್ಬತ್ತನ್ನು ಬೀಳ್ಕೊಡುವ ಪ್ರಾರ್ಥನೆಗೆ ಕೂತರು. ಐಸಿಲ್ಡಾ ಎದ್ದು ನಿಂತು ಕಣ್ಣು ಮುಚ್ಚಿದಳು.

“ಅಮ್ಮ,” ಲಿನ್ವಲ್ ಪಿಸುಗುಟ್ಟಿದ, “ಇವತ್ತು ಚಿಕ್ಕದು ಹೇಳು.”

“ಇವತ್ತು ದೊಡ್ಡದೇ,” ಎಂದಳು ಐಸಿಲ್ಡಾ ಕಣ್ಣು ತೆರೆಯದೆ. ಅವಳಿಗೆ ಬಾಯಿಪಾಠ ಬರುವ ಕೀರ್ತನೆಗಳಲ್ಲೆಲ್ಲ ಅತಿ ಉದ್ದವಾದದ್ದನ್ನು ಹಿಡಿದಳು. ಒಂದು ಮಾತನ್ನೂ ನುಂಗಲಿಲ್ಲ. ರೆನೇಯ ಕಾಲು ಕುಣಿಯಿತು. ಲಿನ್ವಲ್ ನಿಟ್ಟುಸಿರು ಬಿಟ್ಟ. ನೋವ್ಲೆಟ್ ಮಾತ್ರ ನಡುವೆ ಎಲ್ಲೋ ಕಾಯುವುದನ್ನು ಮರೆತಳು. ಅತ್ತೆಯ ಬಲಗೈಯ ತೋರುಬೆರಳು ನೀಟಾಗಿ ಇಸ್ತ್ರಿಯಾದ ಲಂಗದ ಮೇಲೆ ಒಂದೊಂದೇ ಮಾತಿಗೆ ಒಂದೊಂದೇ ಹೆಜ್ಜೆ ಇಡುತ್ತಿತ್ತು, ಎಪ್ಪತ್ತು ವರ್ಷದ ಹಿಂದೆ ಯಾರೋ ಹಿಡಿದು ನಿಲ್ಲಿಸಿದ ಹಾಗೆಯೇ.

ಕೊನೆಯ ಮಾತಿಗೆ ಸೂರ್ಯ ಮುಳುಗಿದ್ದ.

ಲಿನ್ವಲ್ ಬೀರುವಿಗೆ ಓಡಿದ. ಪತ್ರ ನಿನ್ನೆ ಐದು ಮೂವತ್ತೈದಕ್ಕೇ ಬಂದು ಬಿದ್ದಿತ್ತು. ಒಂದು ಹಗಲು ಒಂದು ಇರುಳು ಶರ್ಟುಗಳ ಕೆಳಗೆ ಮಲಗಿತ್ತು. ನೋವ್ಲೆಟ್ ಲ್ಯಾಪ್‌ಟಾಪನ್ನು ಮಗಳ ಕಡೆ ತಿರುಗಿಸಿದಳು. ರೆನೇ ಓದಿದಳು. ಮೂವರೂ ಒಪ್ಪಿದ್ದಾರೆ. ಜನವರಿಯಲ್ಲಿ ಆರಂಭಿಸಬಹುದು. ತಿದ್ದುಪಡಿ ಎರಡೇ. ಕೆಳಗೆ ಡಾಕ್ಟರ್ ಪೆಟ್ರೋಸಿಯನ್‌ರ ಒಂದು ಸಾಲು: ಕಾಲಪಟ್ಟಿಯಲ್ಲಿ ಏನನ್ನೂ ಬದಲಿಸಬೇಡಿ.

ಲಿನ್ವಲ್ ಹೋ ಎಂದು ಕೂಗಿ ಹೆಂಡತಿಯನ್ನು ಎತ್ತಿ ತಿರುಗಿಸಿದ. ಅವಳ ಕಾಲು ತಾಗಿ ಕ್ಯಾರೆಟ್ ರಸದ ಜಗ್ಗು ಉರುಳಿತು. “ಈಗಲಾದ್ರೂ ನಿನ್ನ ಮುಖ ತೋರಿಸು ನೋಡೋಣ,” ಎಂದ. ರೆನೇ ರಟ್ಟು ಕಿತ್ತು ತಲೆಯ ಮೇಲೆ ಹಿಡಿದು ಕುಣಿದಳು. ಮೂಲೆಯ ಬಾರಿನವರು ಯಾವ ಹೊತ್ತಿಗೆ ಬೇಕೋ ಅದೇ ಹೊತ್ತಿಗೆ ಸ್ಪೀಕರು ಹಚ್ಚಿದರು.

ಐಸಿಲ್ಡಾ ನೆಲದ ರಸ ಒರೆಸಲು ಬಟ್ಟೆ ತಂದಳು. ಸೊಸೆ ಅದನ್ನು ಅವಳ ಕೈಯಿಂದ ಕಸಿದುಕೊಂಡು ಅವಳನ್ನು ಅಪ್ಪಿಕೊಂಡಳು.

“ಮಿಸ್ ಐಸಿ, ಪಾಸಾದೆ! ಕೇಳಿಸ್ತಾ? ಪಾಸಾದೆ!”

“ಕೇಳಿಸ್ತು,” ಎಂದಳು ಐಸಿಲ್ಡಾ. ಕನ್ನಡಕ ಒರೆಸಿ ಮತ್ತೆ ಏರಿಸಿಕೊಂಡಳು. “ನಾಳೆ ಭಾನುವಾರ. ನಾಳೆಯ ಪಾಲು ಎಷ್ಟು?”